ದನಿ ಚೆನ್ನಾಗಿ ಕೇಳುವ ಇಯರ್‌ಫೋನ್ ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರದ ಕಡೆ ಇಯರ್‌ಫೋನ್‌ಗೆ ಜಾಸ್ತಿ ಕೆಲಸ ಬೀಳುವುದು ಅಡಿಕೆ ಸುಲಿಯುವ ಹೊತ್ತಿಗೆ. ಕರಾವಳಿಯವರಿಗೆ ಬಸ್ಸಿನಲ್ಲಿ. ಕೇಳುವುದು ಯಕ್ಷಗಾನದ ಭಾಗವತಿಕೆ (ಭಾಗವತರ ಹಾಡುಗಾರಿಕೆ), ತಾಳಮದ್ದಲೆ, ಹಿಂದೂಸ್ತಾನಿ, ಹಳೆಯ ಚಿತ್ರಗೀತೆ. ಎಲ್ಲದರಲ್ಲೂ ಮನುಷ್ಯನ ದನಿಯೇ ಮುಖ್ಯ. ಅಂಗಡಿಯ ಡಬ್ಬಿಯ ಮೇಲೆ ಮಾತ್ರ ದೊಡ್ಡ ಅಕ್ಷರದಲ್ಲಿ ‘ಎಕ್ಸ್‌ಟ್ರಾ ಬೇಸ್’ ಅಂತ ಇರುತ್ತದೆ. ದನಿ ಹೇಗೆ ಕೇಳುತ್ತದೆ ಅಂತ ಯಾರೂ ಬರೆಯುವುದಿಲ್ಲ. ಊರಿನ ಗೆಳೆಯರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ. ಇಲ್ಲಿರುವುದು ಕಿವಿಯ ನಾಳದೊಳಗೆ ಕೂರುವ, ತುದಿಯಲ್ಲಿ ರಬ್ಬರ್ ಟಿಪ್ ಇರುವ ಇಯರ್‌ಫೋನ್ ವಿಚಾರ. ಆನ್‌ಲೈನ್‌ನಲ್ಲಿ ಇವನ್ನೇ ಐಇಎಂ (ಇನ್-ಇಯರ್ ಮಾನಿಟರ್) ಅಂತಾರೆ.

ಮಿಡ್‌ರೇಂಜ್ ಅಂದರೆ ಸರಿಯಾಗಿ ಯಾವುದು?

ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಅದರಲ್ಲಿ ಹೆಚ್ಚು ಕಡಿಮೆ 250ರಿಂದ 4,000 ಹರ್ಟ್ಸ್‌ವರೆಗಿನ ನಡುಭಾಗವೇ ಮಿಡ್‌ರೇಂಜ್. ಗೆರೆ ಎಳೆದ ಹಾಗೆ ಯಾರೂ ಹೇಳುವುದಿಲ್ಲ. ಒಬ್ಬರು 200 ಅಂತಾರೆ, ಇನ್ನೊಬ್ಬರು 300 ಅಂತಾರೆ.

ಮಾತಾಡುವಾಗ ಗಂಡಸಿನ ದನಿಯ ಮೂಲ ಕಂಪನ ಸುಮಾರು 85ರಿಂದ 180 ಹರ್ಟ್ಸ್. ಹೆಂಗಸಿನದು ಸುಮಾರು 165ರಿಂದ 255. ಹಾಗಾದರೆ ದನಿ ಬೇಸ್‌ನಲ್ಲೇ ಮುಗಿಯಿತಲ್ಲ ಅಂತ ಕೇಳಬಹುದು. ಇಲ್ಲ. ಮೂಲ ಕಂಪನದ ಮೇಲೆ ಅದರ ಎರಡು ಪಟ್ಟು, ಮೂರು ಪಟ್ಟು ಅಂತ ಮೇಲುಸ್ವರಗಳು ಇರುತ್ತವೆ. ಇದು ‘ಅ’, ಇದು ‘ಇ’ ಅಂತ ನಮಗೆ ಗೊತ್ತಾಗುವುದು, ಇದು ಇಂಥವರದೇ ದನಿ ಅಂತ ಗುರುತು ಸಿಗುವುದು ಅವುಗಳಿಂದ. ಹಳೆಯ ಲ್ಯಾಂಡ್‌ಲೈನ್ ಫೋನಿನಲ್ಲಿ ಹಾಯುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ. ಆದರೂ ‘ಹಲೋ’ ಅಂದ ಕೂಡಲೇ ಆಚೆ ಯಾರು ಅಂತ ಗೊತ್ತಾಗುತ್ತಿತ್ತು. ಮಿಡ್‌ರೇಂಜ್‌ಗೆ ಅಷ್ಟು ತಾಕತ್ತು.

ಹಾರ್ಮೋನಿಯಂ, ಪಿಟೀಲು, ಕೊಳಲು, ಮದ್ದಲೆಯ ನಾದ, ಇವುಗಳ ಬಹುಪಾಲು ಇಲ್ಲೇ ಇರುತ್ತದೆ. ಹಾರ್ಮೋನಿಯಂನ ನಡು ಸಪ್ತಕದ ಕಪ್ಪು ಒಂದು ಸುಮಾರು 277 ಹರ್ಟ್ಸ್. ಮಿಡ್‌ರೇಂಜ್ ಶುರುವಾಗುವುದು ಎಲ್ಲಿ ಅಂತ ಕಿವಿಗೆ ಅಂದಾಜು ಬೇಕಾದರೆ ಆ ಮನೆ ಒತ್ತಿ ನೋಡಿ.

ಬೇಸ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ? ದನಿಗೆ ಅದರಿಂದ ಏನು ತೊಂದರೆ?

ಬೇಸ್ ಇರುವುದು ತೊಂದರೆಯಲ್ಲ. ಅದು ಎಲ್ಲಿ ನಿಲ್ಲುತ್ತದೆ ಅನ್ನುವುದು ಮುಖ್ಯ. ಏರಿಸಿದ ಬೇಸ್ 150, 200 ಹರ್ಟ್ಸ್ ಹೊತ್ತಿಗೆ ಇಳಿದು ಸಮವಾದರೆ ದನಿ ಕೆಡುವುದಿಲ್ಲ. ಅದೇ ಏರಿಕೆ 300, 400ರವರೆಗೂ ಎಳೆದುಕೊಂಡು ಬಂದರೆ ಹಾಡುವವರು ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತದೆ. ಕಿವಿಯ ಸ್ವಭಾವವೂ ಇದಕ್ಕೆ ಕಾರಣ. ಕೆಳಗಿನ ಸದ್ದು ಜೋರಾದರೆ ಅದು ಮೇಲಿನ ಸದ್ದನ್ನು ಮುಚ್ಚುತ್ತದೆ. ಮೇಲಿನದು ಕೆಳಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ.

ಅಂಗಡಿಯಲ್ಲಿ ಒಂದೆರಡು ನಿಮಿಷ ಕೇಳಿದರೆ ದಪ್ಪ ಬೇಸ್ ಇರುವುದೇ ಚೆಂದ ಅನ್ನಿಸುತ್ತದೆ. ಒಂದು ಪೂರ್ತಿ ಪ್ರಸಂಗ ಕೇಳಿದಾಗ ಅದರ ಬಣ್ಣ ಗೊತ್ತಾಗುತ್ತದೆ. ಮಾತು ಹಿಡಿಯಲು ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ. ತಲೆ ಭಾರ ಆಗುತ್ತದೆ.

ವಿಮರ್ಶಕರು ಗ್ರಾಫ್ ತೋರಿಸುತ್ತಾರೆ. ಅದರಲ್ಲಿ ಏನು ನೋಡಬೇಕು?

ಯಾವ ಕಂಪನ ಎಷ್ಟು ಜೋರಾಗಿ ಬರುತ್ತದೆ ಅಂತ ತೋರಿಸುವ ಗೆರೆ ಅದು. ಮೂರು ಜಾಗ ನೋಡಿದರೆ ಸಾಕು.

ಒಂದು, ಬೇಸ್‌ನ ಏರು ಎಲ್ಲಿ ಮುಗಿಯುತ್ತದೆ. ಅದನ್ನು ಆಗಲೇ ಹೇಳಿದೆ. ಎರಡು, 300ರಿಂದ 1,000 ಹರ್ಟ್ಸ್‌ವರೆಗೆ ಗೆರೆ ಎಷ್ಟು ಸಪಾಟಾಗಿದೆ. ಅಲ್ಲಿ ಹೊಂಡ ಇದ್ದರೆ ದನಿ ತೆಳ್ಳಗೆ, ದೂರದಲ್ಲಿ ಕೇಳುತ್ತದೆ. ಮೂರು, 3,000 ಹರ್ಟ್ಸ್ ಹತ್ತಿರದ ಗುಡ್ಡ.

ಈ ಗುಡ್ಡ ನೋಡಿ ಹೊಸಬರು ಹೆದರುತ್ತಾರೆ. ‘ಇಷ್ಟು ಎತ್ತರ ಏರಿದೆಯಲ್ಲ, ಕಿರುಚುವುದಿಲ್ಲವೇ’ ಅಂತ. ಅದು ಅಲ್ಲಿ ಇರಲೇಬೇಕು. ನಮ್ಮ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ. ಒಂದು ಕಡೆ ತೆರೆದಿದೆ, ಇನ್ನೊಂದು ತುದಿಯಲ್ಲಿ ತಮಟೆ ಮುಚ್ಚಿದೆ. ಇಂಥ ಕೊಳವೆ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ತಾನಾಗಿಯೇ ದೊಡ್ಡದು ಮಾಡುತ್ತದೆ. ಎದುರಿಗೆ ಕೂತು ಹಾಡುವವರ ದನಿ ನಮಗೆ ಮುಟ್ಟುವುದು ಹೀಗೆ ದೊಡ್ಡದಾಗಿಯೇ. ಹುಟ್ಟಿದಾಗಿನಿಂದ ಅದನ್ನೇ ಕೇಳಿ ನಮಗೆ ಅಭ್ಯಾಸ. ಇಯರ್‌ಫೋನ್ ಹಾಕಿದಾಗ ಕೊಳವೆಯ ಬಾಯಿ ಮುಚ್ಚಿಹೋಗುತ್ತದೆ, ಆ ಸಹಜ ಏರಿಕೆ ತಪ್ಪುತ್ತದೆ. ತಪ್ಪಿದ್ದನ್ನು ತಯಾರಕರು ಟ್ಯೂನಿಂಗ್‌ನಲ್ಲಿ ವಾಪಸ್ ಸೇರಿಸಬೇಕು. ಅದೇ ಗುಡ್ಡ.

ಗುಡ್ಡ ಎಷ್ಟು ಎತ್ತರ ಇರಬೇಕು ಅನ್ನುವುದರಲ್ಲೇ ಜಗಳ. ಹರ್ಮನ್ ಕಂಪನಿಯಲ್ಲಿ ಸಂಶೋಧಕ ಷಾನ್ ಆಲಿವ್ ಮತ್ತು ಅವರ ತಂಡ ಕೇಳುಗರನ್ನು ಕೂರಿಸಿ ಪರೀಕ್ಷೆ ಮಾಡಿ ಹರ್ಮನ್ ಟಾರ್ಗೆಟ್ ಅನ್ನುವ ಗೆರೆ ಕೊಟ್ಟರು. ಕಿವಿಯೊಳಗಿನ ಇಯರ್‌ಫೋನ್‌ಗೆ ಅದರ 2019ರ ರೂಪವನ್ನು ಎಲ್ಲರೂ ಉದಾಹರಿಸುತ್ತಾರೆ. ನನ್ನ ಕಿವಿಗೆ ಅದರ ಗುಡ್ಡ ಸ್ವಲ್ಪ ಜಾಸ್ತಿ, ಗುಡ್ಡದ ಕೆಳಗಿನ ಭಾಗ ಸ್ವಲ್ಪ ಬಡಕಲು. ಏರು ಶ್ರುತಿಯ ಭಾಗವತಿಕೆ ಕೇಳುವವರಿಗೆ ಗುಡ್ಡ ಒಂದೆರಡು ಡೆಸಿಬೆಲ್ ತಗ್ಗಿದ್ದರೇ ಹಿತ. ತಗ್ಗು ದನಿಯ ಹಿಂದೂಸ್ತಾನಿ ಖಯಾಲ್ ಕೇಳುವವರಿಗೆ ಇದು ಅಷ್ಟು ತಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಬೇರೆ ಬೇರೆ ಅಳತೆ ಯಂತ್ರದಲ್ಲಿ ತೆಗೆದ ಗ್ರಾಫ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಕಿವಿಯ ನಾಳದ ಹಾಗೆ ಮಾಡಿದ, ಬಹಳ ಜನ ಬಳಸುವ ‘711’ ಕಪ್ಲರ್‌ನಲ್ಲಿ 8,000 ಹರ್ಟ್ಸ್ ಹತ್ತಿರ ಕಾಣುವ ಚೂಪು ಶಿಖರ ಸಾಮಾನ್ಯವಾಗಿ ಆ ಯಂತ್ರದ್ದೇ ಅನುರಣನ. ಅದನ್ನು ನೋಡಿ ಇಯರ್‌ಫೋನ್ ಚುಚ್ಚುತ್ತದೆ ಅಂತ ತೀರ್ಮಾನ ಬೇಡ.

‘ದನಿ ಮುಂದಿದೆ’, ‘ಹಿಂದಿದೆ’, ‘ಮೂಗಿನಲ್ಲಿದೆ’ ಅಂತೆಲ್ಲ ಬರೆಯುತ್ತಾರೆ. ಅದಕ್ಕೂ ಹರ್ಟ್ಸ್‌ಗೂ ಏನು ಸಂಬಂಧ?

250ರಿಂದ 500ರ ನಡುವೆ ದನಿಯ ಮೈ ಇದೆ. ಕಡಿಮೆಯಾದರೆ ಹಾಡುವವರಿಗೆ ಎದೆಯೇ ಇಲ್ಲ, ಗಂಟಲು ಮಾತ್ರ ಇದೆ ಅನ್ನಿಸುತ್ತದೆ. 1,000ದ ಆಚೀಚೆ ಉಬ್ಬಿದರೆ ಮೂಗಿನ ದನಿ, ಡಬ್ಬದೊಳಗಿನ ದನಿ. 2,000ದಿಂದ 4,000 ಸ್ಪಷ್ಟತೆಯ ಜಾಗ. ಸರಿಯಾಗಿದ್ದರೆ ಸಾಹಿತ್ಯದ ಒಂದೊಂದು ಅಕ್ಷರವೂ ಸಿಗುತ್ತದೆ, ಮೀರಿದರೆ ಕೂಗುತ್ತದೆ. 5,000ದಿಂದ 8,000 ಮಿಡ್‌ರೇಂಜ್ ಅಲ್ಲ. ಆದರೆ ಸ, ಶ, ಷ ಚುಚ್ಚುವುದು ಅಲ್ಲಿಂದ. ಹಾಗಾಗಿ ದನಿ ಕೇಳುವವರು ಅದನ್ನೂ ನೋಡಲೇಬೇಕು.

ಕೇಳಿ ಪರೀಕ್ಷೆ ಮಾಡುವುದಾದರೆ ಯಾವ ಹಾಡು ಹಾಕಲಿ?

ನಿಮಗೆ ಬಾಯಿಪಾಠ ಆಗಿರುವುದನ್ನೇ ಹಾಕಿ. ಇಂಗ್ಲಿಷ್ ವಿಮರ್ಶೆಗಳಲ್ಲಿ ಹೇಳುವ ಪರೀಕ್ಷೆಯ ಹಾಡುಗಳು ನಮಗೆ ಯಾಕೆ? ಅವರಿಗೆ ಆ ಗಿಟಾರ್ ಗೊತ್ತು, ನಮಗೆ ಚಂಡೆ ಗೊತ್ತು. ಆಟಕ್ಕೆ ಹೋಗಿ ಎದುರು ಕೂತು ಕೇಳಿದ ಕಿವಿ ಇದೆಯಲ್ಲ, ಅದಕ್ಕಿಂತ ಒಳ್ಳೆಯ ಅಳತೆ ಯಂತ್ರ ಇನ್ನೊಂದಿಲ್ಲ.

ನಾನು ಮೊದಲು ಹಾಕುವುದು ಬಡಗುತಿಟ್ಟಿನ (ಯಕ್ಷಗಾನದ ಬಡಗು ಶೈಲಿಯ) ಭಾಗವತಿಕೆ. ವೀರರಸದ ಪದ ಇರಲಿ, ಚಂಡೆ ಮದ್ದಲೆ ಎರಡೂ ಇರಲಿ. ಮಿಡ್‌ರೇಂಜ್‌ಗೆ ಇದು ಕಠಿಣ ಪರೀಕ್ಷೆ. ಚಂಡೆಯ ಪೆಟ್ಟು ಚುರುಕು, ಮೇಲಿನ ಸದ್ದು ಜಾಸ್ತಿ. ಮದ್ದಲೆಗೆ ಶ್ರುತಿ ಇದೆ, ನಾದ ಇದೆ. ಭಾಗವತರ ದನಿ ಇವೆರಡರ ನಡುವೆ ಹಾಯಬೇಕು. ಚಂಡೆ ಬಿಡ್ತಿಗೆ (ಚಂಡೆಯ ಜೋರು ನುಡಿತ) ಬಂದ ಕ್ಷಣ ಗಮನಿಸಿ. ಒಳ್ಳೆಯ ಇಯರ್‌ಫೋನ್‌ನಲ್ಲಿ ಚಂಡೆ ಜೋರಾಗುತ್ತದೆ, ಭಾಗವತರು ಇದ್ದಲ್ಲೇ ಇರುತ್ತಾರೆ. ಕಳಪೆಯದರಲ್ಲಿ ಪ್ರತಿ ಪೆಟ್ಟಿಗೂ ದನಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ತಾಳದ ಟಿಣ್ ಸದ್ದು ಮುಗಿಯುವ ಬಾಲ ಕೇಳುತ್ತದಾ? ಆಲಾಪಕ್ಕೆ ಮೊದಲು ಭಾಗವತರು ಉಸಿರು ಎಳೆದುಕೊಳ್ಳುವುದು ಕೇಳುತ್ತದಾ? ಮದ್ದಲೆಯ ಬಲಗಡೆಯ ನಾದ ಹಾರ್ಮೋನಿಯಂ ಶ್ರುತಿಗೆ ಸೇರಿದ್ದು ಗೊತ್ತಾಗುತ್ತದಾ? ಈ ಮೂರೂ ಸಿಕ್ಕಿದರೆ ಉಳಿದದ್ದರ ಚಿಂತೆ ಬೇಡ.

ಭಾಗವತ ಕಾಳಿಂಗ ನಾವಡರ ಏರು ದನಿ 3,000 ಹರ್ಟ್ಸ್ ಗುಡ್ಡಕ್ಕೆ ತಕ್ಕ ಪರೀಕ್ಷೆ. ಇಡಗುಂಜಿ ಮೇಳದಲ್ಲಿ ಬಹುಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರ ಭಾವದ ಪದಗಳು ದನಿಯ ಮೈ ಪರೀಕ್ಷೆಗೆ. ಒಂದು ಮಾತು ನೆನಪಿರಲಿ. ನಾವಡರು ತೀರಿಕೊಂಡಿದ್ದು 1990ರಲ್ಲಿ. ಅವರ ದನಿ ನಮಗೆ ಬಂದಿರುವುದು ಬಹುಮಟ್ಟಿಗೆ ಕ್ಯಾಸೆಟ್ ಮೂಲಕ. ಹಿಸ್ ಸದ್ದು, ಮೈಕ್ ಒಡೆದ ದನಿ ಎಲ್ಲ ಇರುತ್ತದೆ. ಇಯರ್‌ಫೋನ್ ಚೆನ್ನಾಗಿದ್ದಷ್ಟೂ ಆ ಕೊರತೆ ಎದ್ದು ಕಾಣುತ್ತದೆ. ಅದು ಇಯರ್‌ಫೋನ್ ತಪ್ಪಲ್ಲ. ನೀವು ಬರೀ ಹಳೆಯ ಕ್ಯಾಸೆಟ್ ರೆಕಾರ್ಡಿಂಗ್ ಕೇಳುವವರಾದರೆ ಟ್ರೆಬಲ್ ಸೌಮ್ಯವಾಗಿರುವುದನ್ನು ಆರಿಸಿ, ಸುಖವಾಗಿರುತ್ತೀರಿ.

ತಾಳಮದ್ದಲೆಯನ್ನು ಬಿಡಬೇಡಿ. ಅದರಲ್ಲಿ ಮಾತೇ ಮುಖ್ಯ. ಇಬ್ಬರು ಅರ್ಥಧಾರಿಗಳು (ಪಾತ್ರವಾಗಿ ಮಾತಾಡುವವರು) ಸವಾಲಿಗೆ ಸವಾಲು ಎಸೆಯುವ ಜಾಗದಲ್ಲಿ ಒತ್ತಕ್ಷರ, ಮಹಾಪ್ರಾಣ ಸ್ಪಷ್ಟ ಇರಬೇಕು. ಕಣ್ಣು ಮುಚ್ಚಿದರೆ ಯಾರು ಮಾತಾಡುತ್ತಿದ್ದಾರೆ ಅಂತ ತಕ್ಷಣ ಗೊತ್ತಾಗಬೇಕು.

ಹಿಂದೂಸ್ತಾನಿಯಲ್ಲಿ ಗಂಗೂಬಾಯಿ ಹಾನಗಲ್ ಹಾಕಿ. ಆ ಭಾರದ, ತಗ್ಗಿನ ದನಿ ತೆಳ್ಳಗೆ ಕೇಳಿದರೆ ಆ ಇಯರ್‌ಫೋನ್ ವಾಪಸ್ ಮಾಡಿ. ತಂಬೂರಿ ಕೂಡ ಒಳ್ಳೆಯ ಸಾಕ್ಷಿ. ಅದರ ಜೀವಾಳಿಯಿಂದ (ತಂತಿಯ ಕೆಳಗಿಡುವ ದಾರ) ಏಳುವ ಮೇಲುಸ್ವರಗಳು ಹಾಡಿನ ಹಿಂದೆ ಬೆಳಗುತ್ತಾ ಇರಬೇಕು, ಬರೀ ಗುಂಯ್ ಅಂತ ಉಳಿಯಬಾರದು.

ಹೋಲಿಸುವಾಗ ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಸ್ವಲ್ಪ ಜೋರಾಗಿ ಕೇಳಿದ್ದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಒಂದು ಡ್ರೈವರ್ ಸಾಕಾ? ಐದು, ಆರು ಡ್ರೈವರ್ ಇರುವುದು ಮೇಲಾ?

ಡ್ರೈವರ್ ಅಂದರೆ ಇಯರ್‌ಫೋನ್ ಒಳಗೆ ಸದ್ದು ಹುಟ್ಟಿಸುವ ಭಾಗ. ಲೆಕ್ಕದಿಂದ ಏನೂ ಆಗುವುದಿಲ್ಲ. ಟ್ಯೂನಿಂಗ್ ಮುಖ್ಯ.

ಡೈನಾಮಿಕ್ ಡ್ರೈವರ್ ಅಂದರೆ ಸಣ್ಣ ಸ್ಪೀಕರ್. ಒಂದೇ ಡ್ರೈವರ್ ಎಲ್ಲವನ್ನೂ ನುಡಿಸುವುದರಿಂದ ದನಿ ಒಗ್ಗಟ್ಟಾಗಿ ಕೇಳುತ್ತದೆ. ಬ್ಯಾಲೆನ್ಸ್ಡ್ ಆರ್ಮೇಚರ್ ಇನ್ನೊಂದು ಬಗೆಯ ಡ್ರೈವರ್, ಅದು ಬಂದದ್ದು ಶ್ರವಣ ಸಾಧನಗಳ ಕಡೆಯಿಂದ. ಮಾತು ಸ್ಪಷ್ಟ ಮಾಡುವುದೇ ಅದರ ಮೂಲ ಕೆಲಸ, ಹಾಗಾಗಿ ಮಿಡ್‌ರೇಂಜ್‌ನಲ್ಲಿ ಗಟ್ಟಿ. ಎರಡನ್ನೂ ಸೇರಿಸಿದ್ದು ಹೈಬ್ರಿಡ್. ಅದರಲ್ಲಿ ಒಂದು ಡ್ರೈವರ್ ನಿಂತು ಇನ್ನೊಂದು ಶುರುವಾಗುವ ಜಾಗದಲ್ಲಿ ಹೊಲಿಗೆ ಕಾಣಬಾರದು. ಅಗ್ಗದ ಹೈಬ್ರಿಡ್‌ಗಳಲ್ಲಿ ಅದು ಕಾಣುತ್ತದೆ: ಕೆಳಗಿನ ಸ್ವರ ಒಬ್ಬರದು, ತಾರಸ್ಥಾಯಿ ಇನ್ನೊಬ್ಬರದು ಅನ್ನಿಸುತ್ತದೆ.

ಎಟಿಮೋಟಿಕ್ ಕಂಪನಿಯ ಇಆರ್-4 ಬಂದದ್ದು 1991ರಲ್ಲಿ. ಒಂದೊಂದು ಕಿವಿಗೆ ಒಂದೇ ಆರ್ಮೇಚರ್. ಅದರ ಮಿಡ್‌ರೇಂಜ್ ಬಗ್ಗೆ ಜನ ಇವತ್ತಿಗೂ ಮಾತಾಡುತ್ತಾರೆ. ಡ್ರೈವರ್ ಲೆಕ್ಕದ ವಾದಕ್ಕೆ ನನ್ನ ಉತ್ತರ ಅದೇ.

ಎಷ್ಟು ದುಡ್ಡು ಹಾಕಬೇಕು? ಹೆಸರು ಹೇಳಿಬಿಡಿ ಮಾರಾಯ್ರೆ.

ದನಿಗೋಸ್ಕರ ಎರಡು ಸಾವಿರದ ಆಸುಪಾಸಿನಲ್ಲೇ ಒಳ್ಳೆಯದು ಸಿಗುತ್ತದೆ. ಹತ್ತು ವರ್ಷದ ಹಿಂದೆ ಈ ಮಾತು ಹೇಳುವ ಹಾಗಿರಲಿಲ್ಲ.

ಮೂನ್‌ಡ್ರಾಪ್ ಚು 2: ಒಂದೇ ಡೈನಾಮಿಕ್ ಡ್ರೈವರ್, ಲೋಹದ ಮೈ, ಕೇಬಲ್ ಬಿಚ್ಚಬಹುದು. ದನಿ ಮುಂದೆ, ಸ್ಪಷ್ಟ. ಹೆಂಗಸರ ದನಿ, ಕೊಳಲು ಚೆಂದ. ಗಂಡು ದನಿಗೆ ಇನ್ನೂ ಒಂಚೂರು ಮೈ ಬೇಕಿತ್ತು ಅನ್ನಿಸಬಹುದು. ಸೆವೆನ್‌ಹರ್ಟ್ಸ್ ಸಾಲ್ನೋಟ್ಸ್ ಝೀರೋ 2: ಇದೂ ಒಂದೇ ಡ್ರೈವರ್, ಬೇಸ್ ಸ್ವಲ್ಪ ಜಾಸ್ತಿ. ತಾಳಮದ್ದಲೆ, ಖಯಾಲ್, ಚಿತ್ರಗೀತೆ ಎಲ್ಲದಕ್ಕೂ ಒಂದೇ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಏಳೆಂಟು ಸಾವಿರದ ಆಸುಪಾಸಿಗೆ ಹೋದರೆ ಟ್ರೂಥಿಯರ್ ಹೆಕ್ಸಾ. ಒಂದು ಡೈನಾಮಿಕ್, ಮೂರು ಆರ್ಮೇಚರ್. ಚಂಡೆ, ಮದ್ದಲೆ, ದನಿ ಮೂರೂ ಬಿಡಿಬಿಡಿಯಾಗಿ ಕೇಳುತ್ತವೆ. ಬೇಸ್ ಪ್ರಿಯರಿಗೆ ಸಪ್ಪೆ. ಕೋನಕೋನದ ಮೈ, ದಪ್ಪ ಮೂತಿ, ಸಣ್ಣ ಕಿವಿಯವರಿಗೆ ನೋಯಬಹುದು.

ದನಿಯೊಂದೇ ಸಾಕು, ಉಳಿದದ್ದು ಹೇಗಿದ್ದರೂ ಸರಿ ಅನ್ನುವವರಿಗೆ ಎಟಿಮೋಟಿಕ್ ಇಆರ್2 ಸಾಲಿನವು. ಮೂರು ಪದರದ ಟಿಪ್ ಕಿವಿಯೊಳಗೆ ಆಳಕ್ಕೆ ಇಳಿಯಬೇಕು. ಕೆಲವರಿಗೆ ಅದು ಆಗುವುದೇ ಇಲ್ಲ. ಆಗುವವರು ಬೇರೆ ಯಾವುದಕ್ಕೂ ಹೋಗುವುದಿಲ್ಲ.

ಇದರ ಮೇಲೆ ದುಡ್ಡು ಹಾಕಿದರೆ ಸೂಕ್ಷ್ಮ ವಿವರ, ಚೆಂದದ ಮೈ, ಒಳ್ಳೆಯ ಕೇಬಲ್ ಸಿಗುತ್ತದೆ. ದನಿಯ ಸಹಜತೆ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಬೆಲೆ ಏರಿಳಿಯುತ್ತಲೇ ಇರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ.

ಹೊಸದು ತಂದೆ. ದನಿ ತೆಳ್ಳಗಿದೆ, ಬೇಸ್ ಇಲ್ಲವೇ ಇಲ್ಲ. ಪೀಸ್ ಹಾಳಾ?

ಹೆಚ್ಚಿನಂಶ ಹಾಳಾಗಿಲ್ಲ. ಟಿಪ್ ಸರಿ ಕೂತಿಲ್ಲ.

ಟಿಪ್ ಮತ್ತು ಕಿವಿಯ ನಾಳದ ನಡುವೆ ಕೂದಲೆಳೆಯಷ್ಟು ಸಂದು ಇದ್ದರೂ ಬೇಸ್ ಸೋರಿಹೋಗುತ್ತದೆ. ಬೇಸ್ ಹೋದರೆ ದನಿಯ ಕೆಳಭಾಗವೂ ಅದರ ಜೊತೆ ಹೋಗುತ್ತದೆ. ಉಳಿಯುವುದು ಬರೀ ಮೇಲಿನ ಮಿಡ್ಸ್, ಟ್ರೆಬಲ್. ಆನ್‌ಲೈನ್‌ನಲ್ಲಿ ‘ಕಿರುಚುತ್ತದೆ’ ಅಂತ ಬರುವ ದೂರುಗಳಲ್ಲಿ ಎಷ್ಟೋ ಟಿಪ್‌ನ ದೂರುಗಳೇ.

ಹಾಕುವ ಕ್ರಮ ಹೀಗೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗ ಹಿಡಿದು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆಯಿರಿ. ನಾಳ ನೆಟ್ಟಗಾಗುತ್ತದೆ. ಆಗ ಇಯರ್‌ಫೋನನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ, ಕಿವಿ ಬಿಡಿ. ಸರಿ ಕೂತರೆ ಹೊರಗಿನ ಫ್ಯಾನ್ ಸದ್ದು ಥಟ್ಟನೆ ಕಡಿಮೆಯಾಗುತ್ತದೆ. ಹಾಡು ಹಾಕಿ, ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಬೇಸ್ ಏರಿ, ಬಿಟ್ಟಾಗ ಇಳಿದರೆ ಟಿಪ್ ಸಣ್ಣದಾಯಿತು ಅಂತ ಲೆಕ್ಕ. ಬಾಯಿ ಆಕಳಿಸಿದಾಗ ಕಳಚಿದರೂ ಅದೇ.

ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಬೇಕಾಗುವುದು ತೀರಾ ಸಾಮಾನ್ಯ. ಡಬ್ಬಿಯಲ್ಲಿ ಬಂದ ಅಷ್ಟೂ ಟಿಪ್ ಹಾಕಿ ನೋಡಿ. ಅಗಲ ಬಾಯಿಯ ಸಿಲಿಕೋನ್ ಟಿಪ್‌ನಲ್ಲಿ ದನಿ ಸ್ವಲ್ಪ ತೆರೆದುಕೊಳ್ಳುತ್ತದೆ. ಫೋಮ್ ಟಿಪ್ ಮೇಲಿನ ಸದ್ದನ್ನು ಮೆತ್ತಗೆ ಮಾಡುತ್ತದೆ, ಹೊರಗಿನ ಗದ್ದಲವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ನಮ್ಮ ಸೆಕೆಗೆ, ಬೆವರಿಗೆ ಫೋಮ್ ಬೇಗ ಹಾಳು. ಹೊಸ ಇಯರ್‌ಫೋನ್ ಕೊಳ್ಳುವ ಮೊದಲು ಬೇರೆ ಟಿಪ್ ಕೊಂಡು ನೋಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ!

ಫೋನಿನಲ್ಲಿ ಇಯರ್‌ಫೋನ್ ಸಿಕ್ಕಿಸುವ ತೂತೇ ಇಲ್ಲ. ಏನು ಮಾಡಲಿ?

ಟೈಪ್-ಸಿ ಡಾಂಗಲ್ ತಗೊಳ್ಳಿ. ಒಳಗೆ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಸದ್ದಿನ ವಿದ್ಯುತ್ ಸಂಕೇತ ಮಾಡುವ ಚಿಪ್) ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಮೊಬೈಲ್ ಅಂಗಡಿಯಲ್ಲಿ ಸಿಗುವ ಕೆಲವು ಅಗ್ಗದ ಡಾಂಗಲ್‌ಗಳಲ್ಲಿ ಬರೀ ವೈರ್ ಇರುತ್ತದೆ, ಬಹಳ ಫೋನ್‌ಗಳಲ್ಲಿ ಅವು ಕೆಲಸ ಮಾಡುವುದಿಲ್ಲ. ಆಪಲ್ ಡಾಂಗಲ್ ಅಳತೆಯಲ್ಲಿ ತುಂಬ ಚೊಕ್ಕ. ಆದರೆ ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅದರ ವಾಲ್ಯೂಮ್ ಕಡಿಮೆ ಬರುತ್ತದೆ.

ಔಟ್‌ಪುಟ್ ಇಂಪೀಡೆನ್ಸ್ ಅನ್ನುವುದೊಂದಿದೆ, ಅಂದರೆ ಫೋನ್ ಅಥವಾ ಡಾಂಗಲ್ ಒಳಗಿನ ವಿದ್ಯುತ್ ತಡೆ. ಅದು ಇಯರ್‌ಫೋನ್ ಇಂಪೀಡೆನ್ಸ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನುವುದು ರೂಢಿಯ ಲೆಕ್ಕ. 16 ಓಮ್‌ನ ಇಯರ್‌ಫೋನ್‌ಗೆ 2 ಓಮ್‌ನ ಒಳಗೆ. ಮೀರಿದರೆ ಕೆಲವು ಇಯರ್‌ಫೋನ್‌ಗಳ, ಅದರಲ್ಲೂ ಹಲವು ಡ್ರೈವರ್ ಇರುವವುಗಳ ಟ್ಯೂನಿಂಗ್ ಬದಲಾಗಿ ಕೇಳುತ್ತದೆ. ಟ್ರೂಥಿಯರ್ ಝೀರೋ ರೆಡ್ ಜೊತೆ 10 ಓಮ್‌ನ ಪುಟ್ಟ ಅಡಾಪ್ಟರ್ ಕೊಡುತ್ತಾರೆ, ಸಿಕ್ಕಿಸಿದರೆ ಬೇಸ್ ಏರುತ್ತದೆ. ಇದೇ ತತ್ವವನ್ನು ಬೇಕಂತಲೇ ಬಳಸಿದ್ದು.

ದೊಡ್ಡ ಆಂಪ್ಲಿಫೈಯರ್ ಬೇಡ. ಇಂಥ ಇಯರ್‌ಫೋನ್‌ಗಳಿಗೆ ಫೋನಿನ ಶಕ್ತಿಯೇ ಧಾರಾಳ.

ಬ್ಲೂಟೂತ್ ಬಡ್ಸ್ ಆಗುವುದಿಲ್ಲವಾ?

ಆಗುತ್ತದೆ. ದನಿಯ ಸ್ವಭಾವ ತೀರ್ಮಾನಿಸುವುದು ಕೋಡೆಕ್‌ಗಿಂತ (ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನ) ಟ್ಯೂನಿಂಗ್. ಎಲ್‌ಡ್ಯಾಕ್ ಕೋಡೆಕ್‌ನ ಸೆಕೆಂಡಿಗೆ 990 ಕಿಲೋಬಿಟ್ ಇದ್ದರೂ ಬೇಸ್ ಕೊಚ್ಚೆಯಾಗಿದ್ದರೆ ಕೊಚ್ಚೆಯೇ. ಅದೇ ದುಡ್ಡಿಗೆ ವೈರ್ ಇರುವುದರಲ್ಲಿ ದನಿ ಮೇಲು, ಬ್ಯಾಟರಿ ಸಾಯುವ ಗೋಳೂ ಇಲ್ಲ. ಬಡ್ಸ್‌ನಲ್ಲಿ ಕಾಲ್ ಬಂದಾಗ ಸದ್ದು ಒಮ್ಮೆಲೇ ಕಳಪೆಯಾಗುವುದು ಮೈಕ್ ಬಳಸಲು ಬೇರೆ ಮೋಡ್‌ಗೆ ಹೋಗುವುದರಿಂದ. ಗಾಬರಿ ಬೇಡ.

ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ ಬಸ್ಸಿನ ಎಂಜಿನ್ ಗುರ್ ಅನ್ನುವಾಗ ನಾಯ್ಸ್ ಕ್ಯಾನ್ಸಲಿಂಗ್ ಬಡ್ಸ್ ನಿಜವಾಗಿ ಉಪಕಾರಿ. ಎಂಜಿನ್ ಸದ್ದು ತಗ್ಗಿನದು, ದನಿಯ ಕೆಳಭಾಗವನ್ನು ಅದೇ ಮುಚ್ಚುವುದು. ಬಸ್ಸಿಗೆ ಬಡ್ಸ್, ಮನೆಗೆ ವೈರ್ ಅಂತ ಇಟ್ಟುಕೊಂಡವರೂ ಇದ್ದಾರೆ. ಬೈಕ್ ಓಡಿಸುವಾಗ ಮಾತ್ರ ಎರಡೂ ಬೇಡ.

ಈಕ್ವಲೈಸರ್‌ನಲ್ಲಿ ಸರಿ ಮಾಡಿಕೊಂಡರೆ?

ಧಾರಾಳವಾಗಿ ಮಾಡಿ. ಅದರಲ್ಲಿ ನಾಚಿಕೆ ಏನಿಲ್ಲ. ದನಿ ಮಂಕಾಗಿದ್ದರೆ 3,000 ಏರಿಸುವ ಮೊದಲು 200ರಿಂದ 300ರ ಹತ್ತಿರ 2, 3 ಡೆಸಿಬೆಲ್ ಇಳಿಸಿ ನೋಡಿ. ಅರ್ಧ ಕಾಯಿಲೆ ಅಲ್ಲೇ ವಾಸಿ. ಕೂಗುತ್ತಿದ್ದರೆ 3,000ದ ಹತ್ತಿರ 2 ಇಳಿಸಿ. ಏರಿಸುವುದಾದರೆ ಪ್ರೀಆಂಪ್ (ಈಕ್ವಲೈಸರ್‌ನ ಒಟ್ಟು ಮಟ್ಟ) ಅಷ್ಟೇ ಇಳಿಸಿ, ಇಲ್ಲದಿದ್ದರೆ ಸದ್ದು ಒಡೆಯುತ್ತದೆ. ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್ ಆ್ಯಪ್ ಇದೆ, ಅನೇಕ ಮಾಡೆಲ್‌ಗಳ ತಿದ್ದುಪಡಿ ಅದರಲ್ಲಿ ಸಿದ್ಧವಾಗಿಯೇ ಇದೆ.

ಕೇಬಲ್ ಬದಲಿಸಿದರೆ ದನಿ ಸುಧಾರಿಸುತ್ತದಾ? ನೂರು ಗಂಟೆ ಹಾಡಿಸಿ ಪಳಗಿಸಬೇಕಂತೆ?

ಎರಡಕ್ಕೂ ಇಲ್ಲ. ಪಳಗುವುದು ಕಿವಿ. ಕೇಬಲ್ ತುಂಡಾದರೆ ಬದಲಿಸಿ.

ಮಳೆಗಾಲದಲ್ಲಿ ಒಂದು ಕಿವಿಯ ಸದ್ದು ಕಡಿಮೆಯಾಗುತ್ತದೆ. ಯಾಕೆ?

ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಕೇಳಲೇಬೇಕಾದ ಪ್ರಶ್ನೆ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನ ಬಟ್ಟೆಗೇ ಬೂಷ್ಟು ಬರುವಾಗ ಇಯರ್‌ಫೋನ್ ಬಿಟ್ಟೀತೇ?

ಮೂತಿಯ ತುದಿಯಲ್ಲಿ ಸಣ್ಣ ಜಾಲರಿ ಇರುತ್ತದೆ. ಕಿವಿಯ ಒಳಗೆ ಬಿಸಿ, ಲೋಹದ ಮೂತಿ ತಣ್ಣಗೆ. ಹಾಗಾಗಿ ಜಾಲರಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರು ಕೂರುತ್ತದೆ. ಮೊದಲು ಹೋಗುವುದು ಮೇಲಿನ ಮಿಡ್ಸ್, ಆಮೇಲೆ ಆ ಕಡೆಯ ಸದ್ದೇ ಇಳಿಯುತ್ತದೆ. ದನಿ ನಡುವಿನಲ್ಲಿ ನಿಲ್ಲುವ ಬದಲು ಒಂದು ಪಕ್ಕಕ್ಕೆ ವಾಲುತ್ತದೆ. ಕಿವಿಯ ಮೇಣ ಅಂಟಿದರೂ ಇದೇ ಲಕ್ಷಣ. ಟಿಪ್ ತೆಗೆದು, ಮೂತಿ ಕೆಳಮುಖ ಮಾಡಿ, ಟಿಶ್ಯೂ ಪೇಪರ್‌ನಿಂದ ಮೆಲ್ಲಗೆ ಒತ್ತಿ. ಉಜ್ಜಬೇಡಿ. ಬಾಯಿಂದ ಊದಲೂ ಬೇಡಿ, ಉಸಿರಿನಲ್ಲೂ ನೀರೇ ಇರುವುದು. ಆಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಒಂದು ರಾತ್ರಿ ಇಡಿ. ಹೆಚ್ಚಿನ ಸಲ ಬೆಳಿಗ್ಗೆಗೆ ಸರಿಯಾಗಿರುತ್ತದೆ. ಒಲೆಯ ಹತ್ತಿರ, ಬಿಸಿಗಾಳಿಗೆ ಹಿಡಿಯಬೇಡಿ. ಅಂಟು ಬಿಡುತ್ತದೆ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದವರಿಗೆ ಇದರ ಮೇಲೆ ಉಪ್ಪುಗಾಳಿ ಬೇರೆ. ಕೇಬಲ್ ಮತ್ತು ಇಯರ್‌ಫೋನ್ ಸೇರುವ ಪಿನ್ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ. ಸದ್ದು ಕರಕರ ಅನ್ನುತ್ತದೆ, ಬಂದು ಹೋಗಿ ಮಾಡುತ್ತದೆ. ತಿರುಗುವ ಎಂಎಂಸಿಎಕ್ಸ್ ಕನೆಕ್ಟರ್‌ಗಿಂತ ಎರಡು ಪಿನ್‌ನದು ಒರೆಸಲು ಸುಲಭ, ಹಾಗಾಗಿ ಕರಾವಳಿಯವರಿಗೆ ನಾನು ಎರಡು ಪಿನ್ ಹೇಳುತ್ತೇನೆ. ಬಳಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿ ಡಬ್ಬಿಗೆ ಹಾಕಿ. ಅಂಗಿಯ ಕಿಸೆಯಲ್ಲಿ ಬೆವರಿನ ಜೊತೆ ಬಿಡಬೇಡಿ. ಜೆಲ್‌ನ ಬಣ್ಣ ಬದಲಾದರೆ ಪೊಟ್ಟಣ ಬದಲಿಸಿ.

ಹಾಡಿನ ಅಭ್ಯಾಸ ಮಾಡುವಾಗ ಹಾಕಿಕೊಳ್ಳಬಹುದಾ?

ತಂಬೂರಿ ಆ್ಯಪ್ ಕೇಳುತ್ತಾ ಹಾಡುವವರು ಒಂದೇ ಕಿವಿಗೆ ಹಾಕಿ. ಎರಡೂ ಕಿವಿ ಮುಚ್ಚಿದರೆ ನಿಮ್ಮ ದನಿ ಮೂಳೆಯ ಮೂಲಕ ಒಳಗೇ ಗುಂಯ್‌ಗುಡುತ್ತದೆ, ಕೆಳಗಿನ ಸ್ವರ ಇರುವುದಕ್ಕಿಂತ ದಪ್ಪ ಕೇಳುತ್ತದೆ. ಶ್ರುತಿ ಸೇರಿತೋ ಇಲ್ಲವೋ ಅನ್ನುವ ಅಂದಾಜು ತಪ್ಪುತ್ತದೆ.

ಅಪ್ಪನಿಗೆ ತಾಳಮದ್ದಲೆಯ ಮಾತು ಸರಿಯಾಗಿ ಕೇಳುವುದಿಲ್ಲ. ಮಿಡ್ಸ್ ಜಾಸ್ತಿ ಇರುವುದು ಕೊಡಿಸಲಾ?

ಮೊದಲು ಕಿವಿ ತೋರಿಸಿ. ಮೇಣ ತುಂಬಿದ್ದರೆ ಅದನ್ನು ತೆಗೆಸುವುದರಲ್ಲೇ ಮುಗಿಯಬಹುದು. ವಯಸ್ಸಾದಂತೆ ಮೇಲಿನ ಕಂಪನಗಳು ಮೊದಲು ಮಂಕಾಗುತ್ತವೆ, ವ್ಯಂಜನಗಳ ಅಂಚು ಅಲ್ಲೇ ಇರುವುದು. ಅದಕ್ಕೇ ಹಿರಿಯರು ‘ದನಿ ಕೇಳುತ್ತದೆ, ಮಾತು ಗೊತ್ತಾಗುವುದಿಲ್ಲ’ ಅನ್ನುತ್ತಾರೆ. ತಪಾಸಣೆ ಆದ ಮೇಲೆ 2,000ದಿಂದ 4,000 ಚೆನ್ನಾಗಿರುವ, ಬೇಸ್ ಕಡಿಮೆ ಇರುವ ಇಯರ್‌ಫೋನ್ ಸಹಾಯ ಮಾಡಬಹುದು. ಶ್ರವಣ ಸಾಧನ ಬೇಕಾದ ಕಿವಿಗೆ ಇಯರ್‌ಫೋನ್ ಬದಲಿಯಲ್ಲ.

ವಾಲ್ಯೂಮ್ ಎಷ್ಟಿರಬೇಕು?

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಸುಗ್ಗಿಯಲ್ಲಿ ದಿನವೂ ರಾತ್ರಿ ಸುಲಿಯುತ್ತಾ ಕೂರುವವರು ಲೆಕ್ಕ ಹಾಕಿಕೊಳ್ಳಿ. ಟಿಪ್ ಸರಿ ಕೂತರೆ ಹೊರಗಿನ ಸದ್ದು ನಿಲ್ಲುತ್ತದೆ, ಕಡಿಮೆ ವಾಲ್ಯೂಮ್ ಸಾಕಾಗುತ್ತದೆ. ಕಡಿಮೆ ವಾಲ್ಯೂಮ್‌ನಲ್ಲಿ ಕಿವಿಗೆ ಬೇಸ್ ಕಮ್ಮಿ ಕೇಳುವುದು ಸಹಜ. ಹಾಗಾಗಿ ಮೆಲ್ಲಗೆ ಕೇಳುವವರು ತೀರಾ ಸಪಾಟು ಟ್ಯೂನಿಂಗ್‌ಗಿಂತ ಚೂರು ಬೇಸ್ ಇರುವುದನ್ನು ತಗೊಂಡರೆ ದನಿಗೂ ಮೈ ಬರುತ್ತದೆ.

ಕೇಳಿ ನೋಡಿ ಕೊಳ್ಳಲು ಇಲ್ಲಿ ಎಲ್ಲಿ ಸಿಗುತ್ತದೆ?

ಈ ನಮೂನೆಯವು ಶಿರಸಿ, ಕಾರವಾರದ ಮೊಬೈಲ್ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಹುಬ್ಬಳ್ಳಿಗೋ ಮಡಗಾಂವಿಗೋ ಹೋದರೂ ಬಿಚ್ಚಿ ಕೇಳಲು ಕೊಡುವುದು ಅಪರೂಪ. ಕಿವಿಗೆ ಹಾಕುವ ವಸ್ತು ನೋಡಿ, ಅವರನ್ನೂ ದೂರುವಂತಿಲ್ಲ. ಆನ್‌ಲೈನ್ ತರಿಸುವುದೇ ದಾರಿ. ತರಿಸುವ ಮೊದಲು ಎರಡು ವಿಷಯ ಓದಿ: ಡಬ್ಬಿ ಒಡೆದ ಮೇಲೆ ವಾಪಸ್ ತಗೊಳ್ಳುತ್ತಾರಾ, ವಾರಂಟಿ ಭಾರತದಲ್ಲೇ ಇದೆಯಾ. ವಿದೇಶದಿಂದ ನೇರ ತರಿಸಿದರೆ ನೂರಿನ್ನೂರು ಉಳಿಯಬಹುದು, ಕೆಟ್ಟರೆ ಕಳಿಸುವ ಖರ್ಚು ಅದಕ್ಕಿಂತ ಜಾಸ್ತಿ. ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿಟ್ಟುಕೊಳ್ಳಿ.

ಊರಿನಲ್ಲಿ ಯಾರ ಹತ್ತಿರವಾದರೂ ಒಂದು ಒಳ್ಳೆಯದಿದ್ದರೆ ಒಂದು ಸಂಜೆ ಹಾಡು ಕೇಳಲು ಕೊಡಿ ಅಂತ ಕೇಳಿ. ಟಿಪ್ ಮಾತ್ರ ನಿಮ್ಮದೇ ತಗೊಂಡು ಹೋಗಿ.